ಡೆಮ್ಮುಸನ ಬಿಳಿ ಮೊಲ

ನಮ್ಮ ಫಾರೋ ದ್ವೀಪಗಳಲ್ಲಿ ಚಳಿಗಾಲದಲ್ಲೂ ಹಿಮ ಹೆಚ್ಚು ದಿನ ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿಯ ಮೊಲಗಳು ಚಳಿಗೆ ಬೆಳ್ಳಗಾಗುವುದನ್ನು ಬಿಟ್ಟು ಯಾವ ಕಾಲವಾಯಿತೋ. ಒಂದೇ ಒಂದು ಮಾತ್ರ ಹಳೆಯ ಚಾಳಿ ಬಿಟ್ಟಿರಲಿಲ್ಲ. ಕಪ್ಪು ಗುಡ್ಡದ ಮೇಲೆ, ಒಣಹಾಕಿ ಮರೆತ ಅಂಗಿಯ ಹಾಗೆ ಎದ್ದು ಕಾಣುತ್ತಿತ್ತು, ಪೆದ್ದು ಪ್ರಾಣಿ.

ಗುಡ್ಡದ ಬುಡದಲ್ಲಿ ಕುರಿ ಕಾಯುವ ಡೆಮ್ಮುಸನಿಗೆ ಚಳಿಗಾಲವಿಡೀ ಮಾತಾಡಲು ಇದ್ದದ್ದು ಅದೊಂದೇ. "ನಿನ್ನ ಮದುಮಗಳು ಹೇಗಿದ್ದಾಳೋ?" ಎಂದು ಗಂಡಸರು ಕಾಡುತ್ತಿದ್ದರು. ಅವನು ಜನರ ಜೊತೆ ಕೂರುತ್ತಿದ್ದದ್ದು ವರ್ಷಕ್ಕೊಮ್ಮೆ, ಮೊಲದ ಬೇಟೆಯ ದಿನ. ಸಾಲಾಗಿ ಗುಡ್ಡ ಹತ್ತುವುದು, ಆಮೇಲೆ ನಮ್ಮ ಮನೆಯಲ್ಲಿ ಊಟ. ಬೇಟೆಯ ಮುಂದಾಳು ನನ್ನ ಗಂಡ ಹೈನಿ. ಆ ದಿನ ಡೆಮ್ಮುಸ್ ಗಡ್ಡ ಬೋಳಿಸಿ, ಬೆಳ್ಳಿ ಗುಂಡಿಯ ಅಂಗಿ ತೊಟ್ಟು ಬರುತ್ತಿದ್ದ. ನಾನು ಪೊರಕೆ ಹಿಡಿದು ಗುಡಿಸಲು ಶುರುಮಾಡಿದರೂ ಏಳುತ್ತಿರಲಿಲ್ಲ, ಪಾಪ.

ಹೋದ ವರ್ಷ ಆ ಬಿಳಿ ಮೊಲ ನೇರವಾಗಿ ಹೈನಿಯ ಬಂದೂಕಿನ ಮುಂದೆ ಬಂತು. ಡೆಮ್ಮುಸ್ ಸಾಲು ಬಿಟ್ಟು, ಟೋಪಿ ಬೀಸುತ್ತಾ, ಕೂಗುತ್ತಾ ಓಡಿದ. ಗುಡ್ಡದ ಮೊಲಗಳೆಲ್ಲ ಆಚೆ ಮಗ್ಗುಲಿಗೆ ಪರಾರಿ. ಎಲ್ಲರೂ ಬರಿಗೈಯಲ್ಲಿ ಇಳಿದರು.

"ಸಾಲು ಮುರಿದವನಿಗೆ ಇನ್ಮೇಲೆ ಜಾಗ ಇಲ್ಲ," ಎಂದ ಹೈನಿ.

ಈ ವರ್ಷ ಅವನನ್ನು ಯಾರೂ ಕರೆಯಲಿಲ್ಲ. ಆದರೂ ಗುಡ್ಡದಲ್ಲಿ ಅವನ ನೆಲ ಇದೆ, ನೆಲ ಇದ್ದವನಿಗೆ ಬೇಟೆಯ ಪಾಲು ತಪ್ಪಿಸುವಂತಿಲ್ಲ. ಹೈನಿ ಸುಲಿದ ಮೊಲವೊಂದನ್ನು ಅವನ ಹೊಸಿಲ ಮೇಲಿಟ್ಟು ಬಂದ. ಬಿಳಿಯದಾ ಎಂದು ಡೆಮ್ಮುಸ್ ಕೇಳಿದನಂತೆ. ಸುಲಿದ ಮೇಲೆ ಬಣ್ಣ ಯಾರು ನೋಡ್ತಾರೆ ಅಂದೆ ಎಂದು ನನ್ನ ಗಂಡ ಬಂದು ಜಂಬ ಕೊಚ್ಚಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಸುಲಿದವಳು ನಾನು, ಎಲ್ಲವೂ ಕಂದು ಮೊಲಗಳೇ. ಸಾರನ್ನು ಒಲೆಯ ಮೇಲೇ ಬಿಟ್ಟು ನಡೆದೆ.

ಡೆಮ್ಮುಸ್ ಮನೆಯ ಹಿಂದೆ ಗುಂಡಿ ಮುಚ್ಚಿ ಕಲ್ಲು ಹೇರುತ್ತಿದ್ದ. ಬೆಳ್ಳಿ ಗುಂಡಿಯ ಅಂಗಿ ತೊಟ್ಟಿದ್ದ.

"ಲೋ, ಅದು ಕಂದು ಮೊಲ ಕಣೋ. ನಾನೇ ಸುಲಿದದ್ದು. ಒಳ್ಳೆ ಊಟಾನ ಮಣ್ಣುಪಾಲು ಮಾಡಿದೆಯಲ್ಲೋ," ಎಂದೆ.

ಅವನು ಕೈ ಒರೆಸಿಕೊಂಡು ಗುಡ್ಡದ ಕಡೆ ನೋಡಿದ. "ಹಾಗಾದ್ರೆ ಇದೆ ಅದು," ಎಂದ. ಮುಖ ಅರಳಿತು. ಕೆಳಗೆ ನಮ್ಮ ಮನೆಯಿಂದ ಗಂಡಸರ ನಗು ಕೇಳುತ್ತಿತ್ತು. ಅವನೂ ಕೇಳಿಸಿಕೊಂಡ.

"ಬರೋ ವರ್ಷ ಕರೀತಾರಾ, ಅಕ್ಕಾ?"

ಹೈನಿಯ ಹಟ ನನಗೆ ಗೊತ್ತಿಲ್ಲವೇ. ಶಾಲು ಬಿಚ್ಚಿ ಮತ್ತೆ ಹೊದ್ದುಕೊಂಡೆ.

"ಗಡ್ಡ ನೀಟಾಗಿ ತೆಗೆದಿದ್ದೀಯ," ಎಂದಷ್ಟೇ ಹೇಳಿ ಇಳಿದು ಬಂದೆ.