ತಂಗಿಯ ದನಿ, ಮಕ್ಕಳ ತುಟಿ

ಏಳನೇ ಇಯತ್ತೆಗೇ ಪಾಟಿಚೀಲ ಇಳಿಸಿದ ನಾನು, ಸಂಗೀತ ಕಾಲೇಜುಗಳು ಏನು ಕಲಿಸಬೇಕೆಂದು ಹೇಳಹೊರಟಿದ್ದೇನೆ. ನಗುವವರು ನಗಲಿ. ಅಂಥ ಕಾಲೇಜಿನ ಓದೊಂದನ್ನು ಕೈಯಾರೆ ಕೆಡಿಸಿದವಳಿಗೆ ಅದರ ಕೊರತೆಯೂ ಒಂದಿಷ್ಟು ಗೊತ್ತಿರುತ್ತದೆ.

ನನ್ನ ತಂಗಿ ಸವಿತಾ ಧಾರವಾಡದ ಸಂಗೀತ ಕಾಲೇಜಿನಲ್ಲಿ ಗಾಯನ ಕಲಿತವಳು. ಮೊದಲ ವರ್ಷ ಬಹುಪಾಲು ‘ಸಾ’ ಹಿಡಿಸಿಯೇ ಕೂರಿಸಿದ್ದರಂತೆ. ಒಂದೇ ಅಕ್ಷರವಾದರೆ ನಾನೂ ಪಾಸಾಗುತ್ತಿದ್ದೆ ಎಂದು ಚೇಷ್ಟೆ ಮಾಡಿದ್ದೆ. ಮದುವೆಯಾಗಿ ಅವಳೂ ನಾನಿದ್ದ ಕುವೈತಿಗೆ ಬಂದಳು. ಅಲ್ಲಿನ ಮಹಬೂಲಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರ ಕನ್ನಡದ ಮಕ್ಕಳಿಗೆ ಪಾಠ ಶುರುವಾಯಿತು. ಹಾಡುವುದು ಅವಳು, ತಾಯಂದಿರೊಡನೆ ಮಾತಾಡುವುದು ನಾನು. ಅವರದು ಒಂದೇ ಪ್ರಶ್ನೆ: ಮಗು ಸ್ಟೇಜ್ ಹತ್ತುವುದು ಯಾವಾಗ? ಇನ್ನೂ ‘ಸಾ’ ನಿಂತಿಲ್ಲ ಎಂದು ತಂಗಿ ಒಳಗೆ ಗೊಣಗುತ್ತಿದ್ದಳು. ಕನ್ನಡ ಸಂಘದ ಈ ರಾಜ್ಯೋತ್ಸವಕ್ಕೇ ಎಂದು ನಾನು ಬಾಗಿಲಲ್ಲಿ ಮಾತು ಕೊಟ್ಟುಬಿಟ್ಟೆ.

ರಾಜ್ಯೋತ್ಸವದ ದಿನ, ವೇದಿಕೆ ಹತ್ತುವ ಮುಂಚೆ, ಮಕ್ಕಳ ದನಿ ಒಂದೊಂದು ದಿಕ್ಕಿಗೆ ಓಡುತ್ತಿತ್ತು. ಮನೆಯಲ್ಲಿ ಕೇಳಿ ಕಲಿಯಲೆಂದು ತಂಗಿ ಹಾಡಿ ಕಳಿಸಿದ್ದ ರೆಕಾರ್ಡಿಂಗ್ ನನ್ನ ಫೋನಿನಲ್ಲಿತ್ತು. ಅವಳನ್ನು ಕೇಳದೆ ಅದನ್ನು ಮೈಕಿನವನಿಗೆ ಕೊಟ್ಟೆ. ಮಕ್ಕಳಿಗೆ ಬರೀ ತುಟಿ ಆಡಿಸಿರಿ ಎಂದೆ. “ಆಂಟಿ, ದಿಸ್ ಈಸ್ ಸೋ ಈಸಿ” ಎಂದಳು ಒಬ್ಬಳು.

ವೇದಿಕೆಯ ಮೇಲೆ ತಂಗಿ ಹಾರ್ಮೋನಿಯಂ ಮೇಲೆ ಬೆರಳಿಟ್ಟಿದ್ದಳಷ್ಟೆ, ಸ್ಪೀಕರಿನಿಂದ ಅವಳದೇ ದನಿ ಬಂತು. ಅವಳು ಬೆರಳು ತೆಗೆದಳು. ತಾಯಂದಿರು ಫೋನು ಎತ್ತಿ ಹಿಡಿದು, ತಮ್ಮ ಮಕ್ಕಳು ಎಷ್ಟು ಚೆಂದ ಹಾಡುತ್ತಾರೆಂದು ಕಣ್ಣೊರೆಸಿಕೊಂಡರು.

ಮನೆಗೆ ಬಂದ ಮೇಲೆ ತಂಗಿ ಹೇಳಿದಳು: “ತಪ್ಪು ಹಾಡಿದ್ರೂ ಅವು ಹಾಡಬೇಕಿತ್ತು, ಅಕ್ಕಾ.”

“ನಿನ್ನ ಮರ್ಯಾದಿ ಉಳಿಸೀನಿ, ಅದಕ್ಕೂ ಬೈತಿಯಲ್ಲ?”

“ನಂದಲ್ಲ. ನಿಂದು ಉಳಿಸಿಕೊಂಡಿ.”

ಮುಂದಿನ ಶುಕ್ರವಾರ ಅವಳು ಪಾಠಕ್ಕೆ ಚಾಪೆ ಹಾಸಲಿಲ್ಲ. ಆಮೇಲೂ ಹಾಸಿಲ್ಲ.

ರಾಗ, ತಾಳ, ಆಲಾಪ ಎಲ್ಲವನ್ನೂ ಅವಳ ಕಾಲೇಜು ಕಲಿಸಿತ್ತು. ಅವಸರದ ತಾಯಂದಿರಿಗೆ, ಸಂಘದವರಿಗೆ, ಎಲ್ಲಕ್ಕಿಂತ ಮೊದಲು ಒಡಹುಟ್ಟಿದವರಿಗೆ ‘ಆಗುವುದಿಲ್ಲ’ ಎನ್ನುವುದನ್ನು ಕಲಿಸಿರಲಿಲ್ಲ. ತಾನ್‌ಪುರಾ ಶ್ರುತಿ ಮಾಡುವ ಪರೀಕ್ಷೆಯ ಜೊತೆಗೆ, ನನ್ನಂಥ ಅಕ್ಕನೊಬ್ಬಳನ್ನು ಎದುರು ಕೂರಿಸಿ, ಇವಳನ್ನು ನಿಭಾಯಿಸು ಎಂದೂ ಒಂದು ಪರೀಕ್ಷೆ ಇಡಬೇಕಿತ್ತು.

ಮೊನ್ನೆ ಸಂಘದವರು ಫೋನು ಮಾಡಿ, ಯುಗಾದಿಗೂ ಅದೇ ಮಕ್ಕಳನ್ನು ಕರೆದರು. ನಾಲಿಗೆಯ ತುದಿಗೆ ಬಂದ ‘ಹೂಂ’ ಅನ್ನು ನುಂಗಿ, ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ತಂಗಿಗೆ ಫೋನು ಕೊಟ್ಟೆ. “ಆಗಂಗಿಲ್ರೀ” ಎಂದಳು. ಕಾರಣ ಹೇಳಲಿಲ್ಲ, ನನ್ನ ಮುಖ ನೋಡಲಿಲ್ಲ, ಮತ್ತೆ ಸೊಪ್ಪಿಗೆ ಕೈಯಿಟ್ಟಳು.

ಕಾಲೇಜು ಕೈಬಿಟ್ಟ ಪಾಠವನ್ನು ಕಲಿಸಿದ ಗುರು ನಾನೇ. ಇಂಥ ಗುರುವಿಗೆ ಶಿಷ್ಯೆ ನಮಸ್ಕಾರ ಮಾಡುವುದಿಲ್ಲ, ಮಾಡಲೂಬಾರದು.