ಎದುರುಮನೆ ಮೇಷ್ಟ್ರ ಮುತ್ತಜ್ಜ

ಸ್ವಾತಂತ್ರ್ಯ ಬಂದ ಹೊಸತರಲ್ಲಿ, ದೇವರಾಜ ಮೊಹಲ್ಲಾದ ನಮ್ಮ ಎದುರುಮನೆಯಲ್ಲಿ ರಿಟೈರಾದ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದರು. ದಿನಾ ಊಟ ಮುಗಿಸಿ, ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿ, ಹಳೆಯ ದಫ್ತರಗಳಿದ್ದ ಕಚೇರಿಗೆ ಹೊರಡುತ್ತಿದ್ದರು. ಅರಮನೆಯ ಸಿಟ್ಟಿಗೆ ಸಿಕ್ಕಿ ಗಡೀಪಾರಾಗಿದ್ದ ಅವರ ಮುತ್ತಜ್ಜ ಆಮೇಲೆ ಏನಾದರೆಂದು ಯಾರಿಗೂ ತಿಳಿದಿರಲಿಲ್ಲ; ಮೇಷ್ಟ್ರು ಆ ದಫ್ತರಗಳಲ್ಲಿ ಹುಡುಕುತ್ತಿದ್ದುದು ಅದನ್ನೇ. ಸತ್ತ ಸುದ್ದಿಯೇ ಬಾರದ್ದರಿಂದ ಮನೆಯಲ್ಲಿ ಅವರಿಗೆ ಯಾರೂ ತಿಥಿ ಮಾಡಿರಲಿಲ್ಲ.

ಸಂಜೆ ಬರಿಗೈಲಿ ಬಂದವರನ್ನು ಅಮ್ಮ ವಿಚಾರಿಸಿದರೆ, ತೋಳಿನ ಧೂಳು ಕೊಡವುತ್ತಾ, "ಸಿಗ್ತಾರೆ ಕಣಮ್ಮ, ಎಲ್ಲಿಗೆ ಹೋಗ್ತಾರೆ?" ಎನ್ನುತ್ತಿದ್ದರು. ಪೇಟೆಯಲ್ಲಿ ಕಣ್ತಪ್ಪಿದವರ ಬಗ್ಗೆ ಮಾತಾಡುವ ಹಾಗೆ. ಆ ಕೋಟಿನ ಹಳೇ ಕಾಗದದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಒಂದು ಮಧ್ಯಾಹ್ನ ಬೇಗನೆ ಬಂದವರು ತಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನೇರವಾಗಿ ನಮ್ಮ ಹಿತ್ತಲಿಗೆ ಬಂದು, ಕೋಟಿನ ಸಮೇತ ಬಾವಿಯ ಪಕ್ಕ ಕೂತುಬಿಟ್ಟರು.

"ತಲೆಗೆ ನೀರು ಹುಯ್ಯಮ್ಮ, ಸೂತಕ. ನಮ್ಮ ಮುತ್ತಜ್ಜ ಹೋಗ್ಬಿಟ್ರಂತೆ, ಸೇಲಂನಲ್ಲಿ."

ಅಪ್ಪನಿಗೆ ನಗು ಬಂತು. "ಅದಾಗಿ ನೂರು ವರ್ಷದ ಮೇಲಾಗಿರ್ಬೇಕಲ್ಲ ಮೇಷ್ಟ್ರೇ?"

"ನಂಗೆ ಈಗ ತಾನೇ ಗೊತ್ತಾಗಿದ್ದು ಕಣ್ರೀ."

ಅಮ್ಮ ನೀರು ಸೇದಿ ಅವರ ತಲೆಗೆ ಹುಯ್ದಳು.

ಸೂತಕ ಕಳೆದ ಮಾರನೆಯ ದಿನ ಮೇಷ್ಟ್ರು ಊಟ ಮುಗಿಸಿ, ಎಂದಿನಂತೆ ಕೋಟು ತೊಟ್ಟು ಬಾಗಿಲಿಗೆ ಬಂದರು. ಬೀದಿಯ ಆ ಕಡೆ ಈ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಾ ಒಳಗೆ ಹೋದರು.