ಲಾಳಿಯ ಒದ್ದೆ ಎಳೆ

ಸತ್ತವರು ಮರಳಿ ಬರುವ ಕತೆಗಳನ್ನು ನಂಬಿದವಳಲ್ಲ ನಾನು. ಮೂವತ್ತು ವರ್ಷ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಎಷ್ಟೋ ಜನರ ಕಣ್ಣು ನನ್ನ ಕೈಯಿಂದಲೇ ಮುಚ್ಚಿದ್ದೇನೆ. ಯಾರೂ ಮರಳಿ ಬಂದು ಮಾತಾಡಿಸಲಿಲ್ಲ. ಆದರೂ ಈ ಒಂದು ಸಂಗತಿಯನ್ನು ನಡೆದ ಹಾಗೆಯೇ ಬರೆಯುತ್ತೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ.

ನಿವೃತ್ತಿಯಾದ ಮೇಲೆ ಬನಹಟ್ಟಿಯಲ್ಲಿ, ಮಗ್ಗದ ಶೆಡ್ಡೊಂದರ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದೆ. ಐದಕ್ಕೆ ಏಳುವುದು, ಹನ್ನೆರಡಕ್ಕೆ ಊಟ, ಒಂದಕ್ಕೆ ಅರ್ಧ ತಾಸು ಅಡ್ಡಾಗುವುದು. ದಿನಕ್ಕೆ ನಾಲ್ಕು ಮಾತಾಡುತ್ತಿದ್ದವಳೆಂದರೆ ಆ ಶೆಡ್ಡಿನಲ್ಲಿ ನೇಯುವ ಮಲ್ಲವ್ವ ಮಾತ್ರ.

ಅವಳ ಕೊರಳಿನ ಎಡಬದಿಗೆ ಮೂರು ಗಂಟು ಎದ್ದಿದ್ದವು. ಸುಣ್ಣ-ಬೆಲ್ಲ ಕಲಸಿ ಹಚ್ಚಿಕೊಂಡಿದ್ದಳು. ಕಾಲಿಗೆ ಗಾಯವಾದರೆ ತೊಡೆಸಂದಿಯಲ್ಲಿ, ಕೈಯಲ್ಲಿ ಕೀವಾದರೆ ಕಂಕುಳಲ್ಲಿ, ಹಲ್ಲು ಗಂಟಲು ಕೆಟ್ಟರೆ ದವಡೆಯ ಕೆಳಗೆ ಗ್ರಂಥಿ ಬಾತುಕೊಳ್ಳುತ್ತದೆ. ಸಾಮಾನ್ಯವಾಗಿ ಮುಟ್ಟಿದರೆ ನೋಯುತ್ತದೆ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಇವು ನೋಯುತ್ತಿರಲಿಲ್ಲ, ಎರಡು ತಿಂಗಳಾದರೂ ಇಳಿದಿರಲಿಲ್ಲ. ಸಂಜೆಗೆ ಜ್ವರವೂ ಬರುತ್ತಿತ್ತು. ಕ್ಷಯವಿರಬಹುದು, ಜಮಖಂಡಿಗೆ ಹೋಗಿ ಗಂಟಿಗೆ ಸೂಜಿ ಹಾಕಿಸಿ ಪರೀಕ್ಷೆ ಮಾಡಿಸು ಎಂದೆ.

"ಹಲ್ಲಿನ ಬ್ಯಾನಿರೀ ಅಕ್ಕಾರ. ನೌಕರಿ ಮುಗದರೂ ನಿಮ್ಮ ಡ್ಯೂಟಿ ಮುಗದಿಲ್ಲ ನೋಡ್ರಿ!" ಎಂದು ನಕ್ಕಳು.

ನಾನು ನಗಲಿಲ್ಲ. ಅವಳಿಗಿಂತ ಮೊದಲು ಅದೇ ಮಗ್ಗ ನಡೆಸುತ್ತಿದ್ದ ಗೌರವ್ವನ ಕೊರಳಲ್ಲೂ ಹೀಗೇ ಗಂಟುಗಳಿದ್ದವು. ಹಲ್ಲಿನದೇ ಇರಬೇಕೆಂದು ಅವಳನ್ನು ದವಾಖಾನೆಯಿಂದ ಮನೆಗೆ ಕಳಿಸಿದವಳು ನಾನು. ವರ್ಷದೊಳಗೆ ಅವಳು ತೀರಿಕೊಂಡಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ನಿಂತವು. ಅಡ್ಡಾಗಿದ್ದೆ, ನಿದ್ದೆ ಹತ್ತಿರಲಿಲ್ಲ. ಶೆಡ್ಡಿನಿಂದ ಸಣ್ಣ ಸಪ್ಪಳ ಬಂತು. ಲಾಳಿಗೆ ಹೊಸ ನೂಲು ತುಂಬಿದಾಗ ನೇಕಾರರು ಅದರ ತೂತಿಗೆ ಬಾಯಿ ಹಚ್ಚಿ ಎಳೆಯನ್ನು ಹೀರಿ ಹೊರತೆಗೆಯುತ್ತಾರೆ. ಅದೇ ಸಪ್ಪಳ, ಮೂರು ಸಲ. ಒಬ್ಬರ ಎಂಜಲು ಇನ್ನೊಬ್ಬರ ಬಾಯಿಗೆ ಹೋಗುತ್ತದೆಂದು ಮಲ್ಲವ್ವನಿಗೆ ಎಷ್ಟು ಹೇಳಿದ್ದೆ! ಬಯ್ಯಬೇಕೆಂದೇ ಎದ್ದು ಹೋದೆ.

ಒಳಗೆ ಯಾರೂ ಇರಲಿಲ್ಲ. ಗೋಡೆಯ ಗೂಡಿನಲ್ಲಿ ಧೂಳು ಹಿಡಿದ ಹಳೆಯ ಲಾಳಿಯೊಂದಿತ್ತು. ಅದರ ತೂತಿನಿಂದ ಗೇಣುದ್ದ ಎಳೆ ಇಳಿಬಿದ್ದಿತ್ತು. ಮುಟ್ಟಿದೆ. ಒದ್ದೆಯಾಗಿತ್ತು, ಬೆಚ್ಚಗಿತ್ತು.

ಮನೆಗೆ ಹೋಗಿ ಊಟ ಮುಗಿಸಿ ಬಂದ ಮಲ್ಲವ್ವ ಬಾಗಿಲಲ್ಲೇ ನಿಂತಳು.

"ಅದನ್ಯಾಕ ಮುಟ್ಟಿದ್ರಿ? ಗೌರವ್ವಾಯಿ ಲಾಳಿ ಅದು. ಕೆಲಸಾ ಕಲಿಸಿದಾಕಿದು ಅಂತ ಇಟ್ಟೇನಿ. ನಾ ಎಂದೂ ಬಾಯಿ ಹಚ್ಚಿಲ್ಲ."

ಹತ್ತಿರ ಬಂದು ತಾನೂ ಎಳೆ ಮುಟ್ಟಿ ನೋಡಿದಳು. ಕೈ ತಾನಾಗಿ ಕೊರಳಿಗೆ ಹೋಯಿತು. "ಜಮಖಂಡಿ ಬಸ್ಸು ಮುಂಜಾನಿ ಎಷ್ಟಕ್ಕ ಐತ್ರಿ ಅಕ್ಕಾರ?" ಎಂದು ಕೇಳಿದಳು.

ಪರೀಕ್ಷೆಯಲ್ಲಿ ಕ್ಷಯವೆಂದೇ ಬಂತು. ಆರು ತಿಂಗಳು ದಿನಾಲೂ ನನ್ನೆದುರಿಗೇ ಗುಳಿಗೆ ನುಂಗಿದಳು. ಗಂಟು ಕರಗಿದವು.

ಕೊನೆಯ ಗುಳಿಗೆಯ ದಿನ ನೀರಿನ ತಂಬಿಗೆ ಕೆಳಗಿಟ್ಟು, "ಇನ್ನರ ಖರೆ ಹೇಳ್ರಿ. ನನ್ನ ಅಂಜಸಾಕ ಆ ಎಳಿ ನೀವ ತೋಯಿಸಿದ್ರಿ, ಹೌದಿಲ್ಲೋ?" ಎಂದಳು.

ಇಲ್ಲ ಎಂದೆ. ಆಣೆ ಮಾಡಿ ಇಲ್ಲ ಎಂದೆ.

"ಇರಲಿ ಬಿಡ್ರಿ, ಛಲೋನ ಮಾಡೀರಿ," ಎಂದು ನಗುತ್ತ ಮಗ್ಗಕ್ಕೆ ಹೋದಳು.

ಆ ಎಳೆಯನ್ನು ಮುಟ್ಟಿದವರು ನಾವಿಬ್ಬರೇ. ಈಗ ಅವಳೂ ನನ್ನನ್ನು ನಂಬುವುದಿಲ್ಲ.